ಹಳೇ ನೀಲಗಿರಿಯ ಫೋಟೊ ಯಾರ ಟ್ರಂಕಿನಲ್ಲಿದೆ?

ಸಂಪಾದಕರೇ, ನಮಸ್ಕಾರ.

2025ರ ಜನವರಿ 15ರಂದು ಮುಂಬೈಯಲ್ಲಿ ಐಎನ್‌ಎಸ್ ನೀಲಗಿರಿ ಅನ್ನೋ ಯುದ್ಧನೌಕೆ ನೌಕಾಪಡೆಗೆ ಸೇರಿದಾಗ ಪೇಪರುಗಳಲ್ಲಿ ದೊಡ್ಡ ದೊಡ್ಡ ಫೋಟೊ ಬಂತು. ಖುಷಿಯಾಯಿತು. ಆದರೆ ಅದೇ ಹೆಸರಿನ ಹಳೇ ಹಡಗೊಂದಿತ್ತು, ಅದೂ ಮುಂಬೈಯಲ್ಲಿ ಹಡಗು ಕಟ್ಟುವ ಇದೇ ಮಝಗಾಂವ್ ಡಾಕ್‌ನಲ್ಲೇ ಹುಟ್ಟಿದ್ದು ಅಲ್ವಾ? ಈ ಪತ್ರ ಆ ಹಳೇದರ ಬಗ್ಗೆ. ನಿಮ್ಮ ಓದುಗರಿಂದ ನನಗೊಂದು ಸಹಾಯ ಬೇಕು. ನೇರವಾಗಿ ಕೇಳಿದರೆ ಇವನಿಗೇನೋ ಹುಚ್ಚು ಅಂದುಕೊಳ್ಳುತ್ತೀರಿ, ಅದಕ್ಕೆ ಮೊದಲು ಸ್ವಲ್ಪ ಕಥೆ.

ನಮ್ಮಪ್ಪ ಅಂಕೋಲೆಯಿಂದ ಬಂದು ಡಾಕ್‌ನಲ್ಲಿ ವೆಲ್ಡರ್ ಆಗಿದ್ದರು. ಭಾಯಖಳಾ ಹತ್ತಿರ ಒಂದೇ ಖೋಲಿಯಲ್ಲಿ ಊರಿನ ಆರು ಜನ. ನೀಲಗಿರಿ ಅಂದರೆ ಇಂಗ್ಲೆಂಡಿನ ಲಿಯಾಂಡರ್ ಜಾತಿಯ ಹಡಗಿನ ನಕ್ಷೆ ತಂದು ಇಲ್ಲಿ ಕಟ್ಟಿದ ಮೊದಲನೆಯದು. 1968ರ ಅಕ್ಟೋಬರಿನಲ್ಲಿ ಇಂದಿರಾ ಗಾಂಧಿ ಬಂದು ನೀರಿಗಿಳಿಸಿದರು. ಆಗ ಅದು ಬರೀ ಹೊಟ್ಟೆ, ತಲೆ ಇಲ್ಲ, ಕೈ ಇಲ್ಲ ಅಂತ ಅಪ್ಪ ನಗುತ್ತಿದ್ದರು. ತೋಪು, ರಡಾರು, ವೈರು ಎಲ್ಲ ಕೂಡಿಸಿ ನೌಕಾಪಡೆಗೆ ಕೊಟ್ಟಿದ್ದು 1972ರ ಜೂನ್ 3ಕ್ಕೆ. ಆಮೇಲೆ ಹಿಮಗಿರಿ, ಉದಯಗಿರಿ, ದುನಗಿರಿ, ತಾರಾಗಿರಿ, ವಿಂಧ್ಯಗಿರಿ ಬಂದವು. ಅಪ್ಪನಿಗೆ ಮಾತ್ರ ಮೊದಲನೆಯದೇ ಹಡಗು, ಉಳಿದವೆಲ್ಲ ಅದರ ತಮ್ಮಂದಿರು. 1996ರಲ್ಲಿ ಅದನ್ನು ನಿವೃತ್ತಿ ಮಾಡಿದರು, ಮರುವರ್ಷ ಕ್ಷಿಪಣಿ ಪರೀಕ್ಷೆಗೆ ಗುರಿ ಮಾಡಿ ಮುಳುಗಿಸಿದರು. ಗುಜರಿಗೆ ಹೋಗಿದ್ದರೆ ಒಂದು ಚೂರು ಕಬ್ಬಿಣವಾದರೂ ಎಲ್ಲೋ ಉಳಿದಿರುತ್ತಿತ್ತು. ಸುದ್ದಿ ಗೊತ್ತಾದ ದಿನ ಅಪ್ಪ ಹಡಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಮೀನಿನ ಸಾರಿಗೆ ಉಪ್ಪು ಜಾಸ್ತಿ ಅಂತ ಅಮ್ಮನ ಮೇಲೆ ರೇಗಿದರು.

ಈಗ ಅಪ್ಪ ಇಲ್ಲ. ಡೊಂಬಿವಲಿ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಡಬ್ಬಿ ಸಿಕ್ಕಿತು. ಹಡಗಿನ ಮೇಲೆ ಕೆಲಸಕ್ಕಿದ್ದ ಮಾವ ಇಂಗ್ಲೆಂಡಿನಿಂದ ತಂದುಕೊಟ್ಟ, ಬಿಡಿ ಭಾಗ ಅಂಟಿಸಿ ಆಟಿಕೆ ಹಡಗು ಮಾಡುವ ಪ್ಲಾಸ್ಟಿಕ್ ಕಿಟ್, ಬ್ರಿಟಿಷ್ ಲಿಯಾಂಡರ್, 600ರಲ್ಲಿ ಒಂದು ಪಾಲಿನದು. ನಿಜವಾದ ಹಡಗು 113 ಮೀಟರ್, ಇದು 19 ಸೆಂಟಿಮೀಟರ್. ನಾನು ಚಿಕ್ಕವನಿದ್ದಾಗ ಅರ್ಧ ಅಂಟಿಸಿ ಕೈಬಿಟ್ಟಿದ್ದೆ. ಇದನ್ನೇ ನೀಲಗಿರಿ ಮಾಡೋಣ ಅನ್ನಿಸಿತು.

ಸುಲಭ ಅಂದುಕೊಂಡಿದ್ದು ನನ್ನ ದಡ್ಡತನ. ಒಡಲಿನ ಎರಡು ಹೋಳು ಸೊಟ್ಟಗಾಗಿದ್ದವು, ಬಿಸಿನೀರಿನಲ್ಲಿ ಅದ್ದಿ ಅದ್ದಿ ನೇರ ಮಾಡಿದೆ. ಸಂದಿಗೆ ಪುಟ್ಟಿ ತುಂಬಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಮತ್ತೆ ಪುಟ್ಟಿ, ಮತ್ತೆ ತಿಕ್ಕು, ಹೀಗೆ ಮೂರು ಭಾನುವಾರ ಹೋಯಿತು. ಇಂಥ ಹಳೇ ಕಿಟ್‌ಗಳಲ್ಲಿ ದೊಡ್ಡ ಕಷ್ಟ ದಪ್ಪದ್ದು. ಲೆಕ್ಕ ಹಾಕಿ ನೋಡಿ: ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ 60 ಸೆಂಟಿಮೀಟರ್. ತೋಪಿನ ನಳಿಗೆ ಡಬ್ಬಿಯಲ್ಲಿದ್ದ ಹಾಗೇ ಅಂಟಿಸಿದರೆ ಅದು ತೋಪಲ್ಲ, ಚರಂಡಿ ಪೈಪು. ನಿಜವಾದದ್ದು ನಾಲ್ಕೂವರೆ ಇಂಚಿನ ಜೋಡಿ ತೋಪು. ಕೊನೆಗೆ ಅಮ್ಮನ ಇನ್ಸುಲಿನ್ ಡಬ್ಬಿಯಿಂದ ಒಂದು ಹೊಸ ಸೂಜಿ ತೆಗೆದೆ. ಕಾಲು ಮಿಲಿಮೀಟರ್ ದಪ್ಪ, ಅಳತೆಗೆ ಸರಿಯಾಗಿ ಕೂತಿತು. ಹಿಂದಿನ ಕಂಬದ ಮೇಲೆ ಹಳೇ ಕಬ್ಬಿಣದ ಮಂಚದ ಹಾಗೆ ಕಾಣುವ ರಡಾರ್ ಇದೆಯಲ್ಲ, ಅದಕ್ಕೆ ಚಹಾ ಸೋಸುವ ಜಾಲರಿ ಕತ್ತರಿಸಿದೆ. ಮನೆಯಲ್ಲಿ ಎರಡು ದಿನ ಚಹಾದಲ್ಲಿ ಪುಡಿ ಬಂತು, ಆ ಕಥೆ ಬೇಡ. ಆಂಟೆನಾ ತಂತಿಗೆ, ಕಿಟ್‌ನ ಬಿಡಿ ಭಾಗಗಳು ಅಂಟಿಕೊಂಡಿದ್ದ ಖಾಲಿ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ಸಾಕು, ಕೂದಲಿಗಿಂತ ಸಣ್ಣ ಎಳೆ ಬರುತ್ತದೆ. ಅಂಚಿನ ಕಂಬಿ ಮಾತ್ರ ಹಾಕಲಿಲ್ಲ. ದಪ್ಪ ಕಂಬಿಗಿಂತ ಕಂಬಿ ಇಲ್ಲದಿರುವುದೇ ವಾಸಿ, ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪಲಿಕ್ಕಿಲ್ಲ.

ಹೆಲಿಕಾಪ್ಟರ್ ಬೇರೆಯೇ ಆಗಬೇಕಿತ್ತು. ಕಿಟ್‌ನಲ್ಲಿದ್ದದ್ದು ಬ್ರಿಟಿಷರ ವಾಸ್ಪ್, ನಾಲ್ಕು ಚಕ್ರದ್ದು. ನಮ್ಮಲ್ಲಿ ಹಾರಿದ್ದು ಬೆಂಗಳೂರಿನ ಎಚ್‌ಎಎಲ್ ಮಾಡಿದ ಚೇತಕ್, ಮೂರೇ ಚಕ್ರ. ಕಡ್ಲೆಬೀಜದಷ್ಟು ಪ್ಲಾಸ್ಟಿಕ್ ಚೂರನ್ನು ಕೆತ್ತಿ ಕೆತ್ತಿ ಮಾಡಿದೆ, ಎರಡು ಬಾರಿ ನೆಲಕ್ಕೆ ಬಿದ್ದು ಕಾಣೆಯಾಯಿತು, ಈಗಿರುವುದು ಮೂರನೆಯದು. ಡಬ್ಬಿಯಲ್ಲಿದ್ದ, ನೀರಲ್ಲಿ ನೆನೆಸಿ ಅಂಟಿಸುವ ಅಂಕಿ ಹಾಳೆ ನೀರು ತಾಗಿದ ಕೂಡಲೇ ಹಪ್ಪಳದ ಹಾಗೆ ಒಡೆಯಿತು. ನೀಲಗಿರಿಯ ಗುರುತಿನ ಸಂಖ್ಯೆ ಎಫ್ 33 ಅನ್ನು ಕೈಯಲ್ಲೇ ಬರೆದೆ. ಬೂದು ಬಣ್ಣ ಹೊಡೆದದ್ದು ಜುಲೈ ಮಳೆಯಲ್ಲಿ, ಗಾಳಿಯ ತೇವಕ್ಕೆ ಇಡೀ ಹಡಗು ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು. ಎಲ್ಲ ಉಜ್ಜಿ ತೆಗೆದು ದಸರಾ ಆದಮೇಲೆ ಮತ್ತೆ ಹೊಡೆದೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನನಗೆ ಸಿಕ್ಕ ಫೋಟೊಗಳೆಲ್ಲ ಮುಂದಿನಿಂದ, ಇಲ್ಲವೇ ದೂರದಿಂದ ತೆಗೆದವು. ಹಡಗಿನ ಫೋಟೊ ತೆಗೆಯುವವರಿಗೆ ಮೂತಿ ಮೇಲೇ ಪ್ರೀತಿ. ಹಿಂದಿನ ಡೆಕ್, ಹೆಲಿಕಾಪ್ಟರ್ ಇಳಿಯುವ ಜಾಗದ ಗೆರೆ, ಹ್ಯಾಂಗರ್ ಅಂದರೆ ಹೆಲಿಕಾಪ್ಟರ್ ಇಡುವ ಕೋಣೆಯ ಬಾಗಿಲು ಕಾಣುವ ಫೋಟೊ ಬೇಕು. ಡಾಕ್ ಒಳಗೆ ಕ್ಯಾಮೆರಾ ತರುವ ಹಾಗಿರಲಿಲ್ಲ ಸರಿ, ಆದರೆ ಡಿಸೆಂಬರಿನಲ್ಲಿ ನೌಕಾಪಡೆ ದಿನದ ಹೊತ್ತಿಗೆ ಜನರಿಗೆ ಹಡಗು ತೋರಿಸುತ್ತಿದ್ದರಲ್ಲ, ಆಗ ಎಷ್ಟೋ ಮನೆಯವರು ಮಕ್ಕಳನ್ನು ಡೆಕ್ ಮೇಲೆ ನಿಲ್ಲಿಸಿ ಫೋಟೊ ತೆಗೆಸಿಕೊಂಡಿದ್ದಾರೆ. ಮಾಟುಂಗಾ, ಮುಲುಂಡ್, ಘಾಟ್‌ಕೋಪರ್ ಕಡೆಯ ನಮ್ಮವರ ಟ್ರಂಕುಗಳಲ್ಲಿ ಅಂಥದ್ದು ಇದ್ದೇ ಇರುತ್ತದೆ. ಮಗು ಯಾರಾದರೂ ಆಗಲಿ, ನನಗೆ ಬೇಕಾದದ್ದು ಮಗುವಿನ ಹಿಂದಿರುವುದು.

ಇದರ ಜೊತೆ ಇನ್ನೊಂದು ಮಾತು. ಕಫ್ ಪರೇಡ್‌ನಲ್ಲಿ ಹಳೇ ವಿಕ್ರಾಂತ್ ಮ್ಯೂಸಿಯಂ ಆಗಿ ನಿಂತಿತ್ತು, 2014ರಲ್ಲಿ ಅದನ್ನೂ ಒಡೆಯಲು ಶುರು ಮಾಡಿದರು. ನಮ್ಮ ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಾಪಲ್ ಅನ್ನೋ ಪುಟ್ಟ ಕ್ಷಿಪಣಿ ದೋಣಿ ಇವತ್ತಿಗೂ ಇದೆ, ಹುಡುಗರು ಹತ್ತಿ ನೋಡುತ್ತಾರೆ. ಇಷ್ಟು ಹಡಗು ಕಟ್ಟಿದ ಮುಂಬೈಗೆ ಅಷ್ಟೂ ಆಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ರದ್ದಿಯವನಿಗೆ ಆಲ್ಬಂ ಕೊಡುವ ಮೊದಲು ಒಮ್ಮೆ ತಿರುವಿ ನೋಡಿ. ಮೂಲ ಫೋಟೊ ಬೇಡ, ಮೊಬೈಲಿನಲ್ಲಿ ಹಿಡಿದು ಪತ್ರಿಕೆಯ ಕಚೇರಿಗೆ ಕಳಿಸಿದರೆ ಸಾಕು. ಕಪ್ಪು ಬಿಳುಪಾದರೂ, ಮಸುಕಾದರೂ ನಡೆಯುತ್ತದೆ. ಹಡಗು ಫ್ರಿಜ್ ಮೇಲೆ ಕೂತಿದೆ, ಹಿಂದಿನ ಡೆಕ್‌ಗೆ ಇನ್ನೂ ಬಣ್ಣ ಹೊಡೆದಿಲ್ಲ.

ಒಬ್ಬ ಓದುಗ, ಡೊಂಬಿವಲಿ