ಫೈರ್‌ವಾಲ್ ಆಫ್ ಮಾಡುವುದು ಪರಿಹಾರವಲ್ಲ

ಮಾನ್ಯರೇ,

ರೂಟರಿನ ಹಿಂದಿರುವ ಎಫ್‌ಟಿಪಿ (ಫೈಲ್ ವರ್ಗಾವಣೆಯ ವಿಧಾನ) ಸರ್ವರ್‌ಗೆ ಹೊರಗಿನಿಂದ ಸಂಪರ್ಕಿಸಿದಾಗ ಅದು ಪಾಸ್‌ವರ್ಡ್ ಒಪ್ಪುತ್ತದೆ, ಲಾಗಿನ್ ಆಗುತ್ತದೆ, ಆದರೆ ಫೈಲ್‌ಗಳ ಪಟ್ಟಿ ಮಾತ್ರ ಬರುವುದಿಲ್ಲ. ಆಗ ‘ಫೈರ್‌ವಾಲ್ ಆಫ್ ಮಾಡಿ ನೋಡಿ’ ಎಂಬ ಸಲಹೆ ಸಲೀಸಾಗಿ ಸಿಗುತ್ತದೆ. ಬೇಡದ ಸಂಪರ್ಕಗಳನ್ನು ತಡೆಯುವ ಈ ಕಾವಲನ್ನು ದಯವಿಟ್ಟು ಯಾರೂ ಆಫ್ ಮಾಡಬೇಡಿ.

ಎಫ್‌ಟಿಪಿಗೆ ಎರಡು ಸಂಪರ್ಕ ಬೇಕು. ಆದೇಶಗಳು ಸರ್ವರ್‌ನ 21ನೇ ಪೋರ್ಟ್‌ನಲ್ಲಿ (ಸಂಖ್ಯೆ ಹೊತ್ತ ಸಂಪರ್ಕದ್ವಾರ) ಹೋಗುತ್ತವೆ. ಪಟ್ಟಿಗೆ, ಫೈಲಿಗೆ ಪ್ರತಿ ಸಲವೂ ಬೇರೆ ಸಂಪರ್ಕ. ಪ್ಯಾಸಿವ್ ಮೋಡ್‌ನಲ್ಲಿ, ಅಂದರೆ ಈ ಎರಡನೇ ಸಂಪರ್ಕವನ್ನೂ ಬಳಕೆದಾರರ ಯಂತ್ರವೇ ಶುರು ಮಾಡುವ ಕ್ರಮದಲ್ಲಿ, ಅದರ ವಿಳಾಸ ಮತ್ತು ಪೋರ್ಟನ್ನು ಸರ್ವರ್ ತಿಳಿಸುತ್ತದೆ. ಎಫ್‌ಟಿಪಿ ತಂತ್ರಾಂಶದ ಲಾಗ್‌ನಲ್ಲಿ 227ರಿಂದ ಶುರುವಾಗುವ ಸಾಲು ನೋಡಿ. ಉದಾಹರಣೆಗೆ: 192,168,1,10,195,80. ಮೊದಲ ನಾಲ್ಕು ಸಂಖ್ಯೆಗಳು ಐಪಿ ವಿಳಾಸ (ಜಾಲದಲ್ಲಿ ಯಂತ್ರದ ವಿಳಾಸ). ಉಳಿದೆರಡು ಪೋರ್ಟ್: 195ನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. 192.168 ಒಳಜಾಲದ ವಿಳಾಸ. ಹೊರಗಿನವರು ಅಲ್ಲಿಗೆ ತಲುಪುವುದಾದರೂ ಹೇಗೆ?

ಸರ್ವರ್ ಸೆಟ್ಟಿಂಗ್‌ನಲ್ಲಿ ಪ್ಯಾಸಿವ್ ವಿಳಾಸವಾಗಿ ರೂಟರಿನ ಹೊರ ಐಪಿ ಕೊಡಿ. ಪ್ಯಾಸಿವ್ ಪೋರ್ಟ್‌ಗಳನ್ನು 50000–50100ಕ್ಕೆ ಸೀಮಿತಗೊಳಿಸಿ. 21ರ ಜೊತೆಗೆ ಇವನ್ನೂ ರೂಟರಿನಲ್ಲಿ ಸರ್ವರ್ ಯಂತ್ರದ ಅದೇ ಸಂಖ್ಯೆಗಳಿಗೆ ಫಾರ್ವರ್ಡ್ ಮಾಡಿ (ದಾಟಿಸಿ), ಸರ್ವರ್ ಯಂತ್ರದ ಫೈರ್‌ವಾಲ್‌ನಲ್ಲಿ ಇವಿಷ್ಟನ್ನೇ ತೆರೆಯಿರಿ. ಸರ್ವರ್‌ನ ಒಳ ಐಪಿ ಬದಲಾಗದಂತೆ ರೂಟರಿನಲ್ಲೇ ಕಾಯ್ದಿರಿಸಿ.

ಕೆಲವು ರೂಟರ್‌ಗಳು 227ರ ಸಾಲನ್ನು ತಾವೇ ತಿದ್ದಿ ಕಳಿಸುತ್ತವೆ. ಟಿಎಲ್‌ಎಸ್ (ಸಂಪರ್ಕಕ್ಕೆ ಗೂಢಲಿಪಿಯ ರಕ್ಷಣೆ) ಹಾಕಿದ ಮೇಲೆ ಆ ಸಾಲು ಗೂಢಲಿಪಿಯಾಗುವುದರಿಂದ ರೂಟರ್ ಅದನ್ನು ಓದಲಾರದು, ತಿದ್ದಲಾರದು. ‘ನಿನ್ನೆವರೆಗೂ ಸರಿಯಿತ್ತು’ ಎನ್ನುವವರು ಇದನ್ನೇ ಮೊದಲು ನೋಡಬೇಕು.

ಪರೀಕ್ಷೆಯನ್ನು ಮೊಬೈಲ್ ಡೇಟಾ ಬಳಸಿ ಹೊರಗಿನಿಂದಲೇ ಮಾಡಿ. ರೂಟರಿನ ಹೊರ ಐಪಿ 100.64ರಿಂದ 100.127ರ ನಡುವೆ ಇದ್ದರೆ ಅದು ಸೇವಾದಾರರ ಒಳಜಾಲದ ವಿಳಾಸ, ಫಾರ್ವರ್ಡ್ ಮಾಡಿ ಫಲವಿಲ್ಲ. ಇಂಟರ್ನೆಟ್ ಸೇವಾದಾರರಿಂದ ಸಾರ್ವಜನಿಕ ಐಪಿ ಪಡೆಯಬೇಕು. ಹೊಸದಾಗಿ ಸರ್ವರ್ ಹೂಡುವವರು ಗೂಢಲಿಪಿಯ ಒಂದೇ ಸಂಪರ್ಕದಲ್ಲಿ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿಯನ್ನೇ ಆರಿಸಿಕೊಳ್ಳಲಿ. ಅದಕ್ಕೆ 22ನೇ ಪೋರ್ಟ್ ಒಂದೇ ಸಾಕು.