ಖೋಲಿಗೆ ರೊಕ್ಕ ಈಗ ಬೇಕು, ವಿದ್ಯಾರ್ಥಿವೇತನ ಆಮೇಲೆ ಬರುತ್ತದೆ

ಮಾನ್ಯ ಸಂಪಾದಕರೇ,

ಕಾಲೇಜು ಪ್ರವೇಶದ ದಿನಗಳಲ್ಲಿ ಪತ್ರಿಕೆಯ ಒಂದು ಪುಟದಲ್ಲಿ ‘ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನ’ ಎಂದಿರುತ್ತದೆ, ಇನ್ನೊಂದು ಪುಟದಲ್ಲಿ ‘ವಸತಿ ನಿಲಯ ಪ್ರವೇಶ’ ಎಂದಿರುತ್ತದೆ. ಇಲಾಖೆ ಬೇರೆ, ಪೋರ್ಟಲ್ ಬೇರೆ, ಕೊನೆಯ ದಿನಾಂಕವೂ ಬೇರೆ. ಇಂಡಿಯಿಂದಲೋ ಬೀಳಗಿಯಿಂದಲೋ ಬೆಳಗಾವಿಗೆ ಓದಲು ಹೊರಟವರ ಮನೆಯಲ್ಲಿ ಮಾತ್ರ ಇವೆರಡೂ ಒಂದೇ ಲೆಕ್ಕ. ರೊಕ್ಕ ಬಂದರೆ ಖೋಲಿ, ಖೋಲಿ ಸಿಕ್ಕರೆ ಓದು. ಒಳ್ಳೆಯ ಅಂಕ ತೆಗೆದು ಸೀಟು ಸಿಕ್ಕವರೂ ಪ್ರವೇಶ ಬಿಟ್ಟು ಊರಿನ ಹತ್ತಿರದ ಕಾಲೇಜಿಗೆ, ತಮಗೆ ಬೇಡದ ವಿಷಯಕ್ಕೆ ಸೇರುವುದು ಈ ಲೆಕ್ಕ ಕೂಡದೆ ಹೋದಾಗ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದ ಮೇಲೆ ಆ ಜಿಲ್ಲೆಯ ಕಾಲೇಜುಗಳು ಅತ್ತ ಸರಿದವು. ಆದರೂ ಸಿಂದಗಿ, ಮುದ್ದೇಬಿಹಾಳ, ಅಥಣಿ, ರಾಯಬಾಗದಿಂದ ದಿನಾ ಹೋಗಿ ಬಂದು ಎಂ.ಎಸ್ಸಿ. ಓದಲು ಆಗುವುದಿಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಭೂತರಾಮನಹಟ್ಟಿ ಕ್ಯಾಂಪಸ್ ಬೆಳಗಾವಿ ಊರೊಳಗಿಲ್ಲ, ಕಾಕತಿ ದಾಟಿ ಹೆದ್ದಾರಿಗುಂಟ ಹೋಗಬೇಕು. ಹಿರೇಬಾಗೇವಾಡಿಯ ಹೊಸ ಕ್ಯಾಂಪಸ್ಸಿನ ಜಾಗವೂ ಅದೇ ಹೆದ್ದಾರಿಯಲ್ಲಿ ಧಾರವಾಡದ ಕಡೆಗೆ, ನಗರದ ಹೊರಗೇ ಇದೆ. ಹೀಗಾಗಿ ನಗರದಲ್ಲಿ ಸರ್ಕಾರಿ ಇಲಾಖೆಯ ಹಾಸ್ಟೆಲ್ ಸಿಕ್ಕವರಿಗೂ ದಿನಕ್ಕೆ ಎರಡು ಹೊತ್ತು ಬಸ್ಸು ತಪ್ಪಿದ್ದಲ್ಲ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಇಳಿಸಿದೆ, ರಸ್ತೆಯಲ್ಲಿ ಕಳೆಯುವ ಹೊತ್ತನ್ನು ಇಳಿಸಿಲ್ಲ.

ಮುಖ್ಯ ತೊಡಕು ತಿಂಗಳುಗಳದ್ದು. ಪ್ರವೇಶ ಶುಲ್ಕ, ಹಾಸ್ಟೆಲ್ ಡಿಪಾಜಿಟ್, ಮೆಸ್ ಮುಂಗಡ ಎಲ್ಲವೂ ಮಳೆಗಾಲದಿಂದ ದಸರೆಯೊಳಗೆ ಬೇಕು. ಆಗ ನಮ್ಮ ಕಡೆ ರೈತರ ಮನೆಯ ರೊಕ್ಕವೆಲ್ಲ ಬೀಜ, ಗೊಬ್ಬರ, ಆಳಿನ ಕೂಲಿಗೆ ಹೋಗಿರುತ್ತದೆ. ಕಬ್ಬು ನುರಿಸುವುದು ನವೆಂಬರ್ ಹೊತ್ತಿಗೆ. ಸಾಗಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಅದು ಕೈಗೆ ಬರುವ ದಿನ ಬೆಳೆಗಾರರಿಗೇ ಗೊತ್ತು. ವಿಜಯಪುರದ ತೊಗರಿ ಡಿಸೆಂಬರ್-ಜನವರಿಗೆ, ದ್ರಾಕ್ಷಿ ಫೆಬ್ರುವರಿಯಿಂದ ಮುಂದೆ. ವಿದ್ಯಾರ್ಥಿವೇತನ ಜಮೆಯಾಗುವುದೂ ಬಹುಪಾಲು ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ. ಅಂದರೆ ಖರ್ಚು ಮೊದಲ ಸೆಮಿಸ್ಟರಿನ ಬಾಗಿಲಲ್ಲಿ, ಆದಾಯ ಎರಡನೇ ಸೆಮಿಸ್ಟರಿನಲ್ಲಿ. ನಡುವಿನ ಐದಾರು ತಿಂಗಳನ್ನು ಸಾಲ ತುಂಬಬೇಕು.

ಮೊತ್ತಗಳನ್ನೂ ಹತ್ತಿರದಿಂದ ನೋಡಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಶುರುವಾದದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ಎಂದು. ಊಟ, ಬಾಡಿಗೆ ಎರಡೂ ಸೇರಿ ದಿನಕ್ಕೆ 50 ರೂಪಾಯಿ ಆಯಿತು. ಪಿಯುಸಿ ಅಂಕದ ಮೇಲೆ ಸಿಗುವ ಕೇಂದ್ರ ವಲಯದ ವಿದ್ಯಾರ್ಥಿವೇತನ ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ ಹೋದಾಗ 20,000. ಮೂಲ ವಿಜ್ಞಾನದ ಬಿ.ಎಸ್ಸಿ. ಓದುವ, ಬೋರ್ಡಿನ ಮೇಲಿನ ಶೇ 1ರೊಳಗಿನ ವಿದ್ಯಾರ್ಥಿಗೆ ‘ಇನ್‌ಸ್ಪೈರ್’ ವರ್ಷಕ್ಕೆ 80,000 ಕೊಡುತ್ತದೆ. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ‘ದೀಪಿಕಾ’ ವರ್ಷಕ್ಕೆ 30,000. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಪಿಯುಸಿಗೆ 20,000, ಪದವಿಗೆ 25,000, ಎಂ.ಎ., ಎಂ.ಎಸ್ಸಿ.ಗೆ 30,000. ಇದು ಓದು ಮುಗಿದ ಮೇಲೆ ಬರುವ ಹಣ, ಆದ್ದರಿಂದ ಪದವಿಯ ಪ್ರೋತ್ಸಾಹಧನವನ್ನೇ ಎಂ.ಎ. ಹಾಸ್ಟೆಲ್ಲಿಗೆ ಎತ್ತಿಟ್ಟುಕೊಳ್ಳುವ ಮನೆಗಳು ಬಹಳ.

ಕೇಂದ್ರ ವಲಯದ ಯೋಜನೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಲ್ಲಿ ಅರ್ಹರೇ ಅರ್ಜಿ ಹಾಕದೆ ಬಿಡುತ್ತಾರೆ. ನಿಯಮದಲ್ಲಿ ಇರುವುದು 80ನೇ ಪರ್ಸೆಂಟೈಲ್, ಶೇ 80 ಅಂಕವಲ್ಲ. ಅದೇ ವರ್ಷ ಅದೇ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿದ್ದರೆ ಅರ್ಜಿ ಹಾಕಲು ಸಾಕು. ವಿಜ್ಞಾನಕ್ಕೊಂದು, ವಾಣಿಜ್ಯಕ್ಕೊಂದು, ಕಲೆಗೊಂದು ಗೆರೆ ಬೇರೆ ಬೇರೆ. ‘ನನಗೆ ಎಂಬತ್ತು ಬಂದಿಲ್ಲ’ ಎಂದು ಕಲಾ ವಿಭಾಗದ ವಿದ್ಯಾರ್ಥಿ ಕೈಬಿಡುವ ಮುಂಚೆ ತನ್ನ ವಿಭಾಗದ ಗೆರೆ ಎಷ್ಟೆಂದು ನೋಡಲಿ. ಕುಟುಂಬದ ವಾರ್ಷಿಕ ಆದಾಯದ ಮಿತಿ 4.5 ಲಕ್ಷ. ಹೊಸ ಅರ್ಜಿ ಪದವಿಯ ಮೊದಲ ವರ್ಷದಲ್ಲಿ ಮಾತ್ರ. ಆಗ ತಪ್ಪಿದರೆ ಮುಂದೆ ದಾರಿಯಿಲ್ಲ. ಪ್ರತಿ ವರ್ಷ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಿ ಬೇಕು. ಇದರ ಅರ್ಜಿ ಹಾಕುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಈಗ ಆಧಾರ್ ಮುಖ ದೃಢೀಕರಣದೊಂದಿಗೆ 14 ಅಂಕಿಯ ಒಂದು ಬಾರಿಯ ನೋಂದಣಿ ಸಂಖ್ಯೆ ಕೇಳುತ್ತದೆ. ಈ ಸಂಖ್ಯೆಯನ್ನು ಪ್ರವೇಶಕ್ಕೆ ಮೊದಲೇ ಮಾಡಿಟ್ಟುಕೊಳ್ಳಬಹುದು.

ಹಾಸ್ಟೆಲ್ಲಿನಲ್ಲೂ ಎರಡು ಬಗೆ. ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಊಟ, ವಸತಿ ಉಚಿತ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಅದು ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗಿಂತ ಬೇರೆ. ಎಸ್‌ಎಸ್‌ಪಿಯಲ್ಲಿ ಹಾಕಿದೆ, ಹಾಸ್ಟೆಲ್ ತಾನಾಗಿ ಸಿಗುತ್ತದೆ ಎಂದು ಕೂತವರು ಕಳೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಸ್ವಂತ ನಿಲಯದಲ್ಲಿ ಖೋಲಿ ಬಾಡಿಗೆ, ಡಿಪಾಜಿಟ್, ಮೆಸ್ ಮುಂಗಡ ತುಂಬಬೇಕು. ತಿಂಗಳ ಖರ್ಚನ್ನು ಉಂಡವರ ಸಂಖ್ಯೆಯಿಂದ ಭಾಗಿಸುವ ಮೆಸ್‌ಗಳಲ್ಲಿ ವಾರಾಂತ್ಯಕ್ಕೆ ಅರ್ಧ ಜನ ಊರಿಗೆ ಹೋದರೆ ಉಳಿದವರ ತಲೆಗೆ ಬೀಳುವ ಪಾಲು ಏರುತ್ತದೆ, ಅಡುಗೆಯವರ ಪಗಾರ, ಗ್ಯಾಸು ಕಡಿಮೆಯಾಗುವುದಿಲ್ಲವಲ್ಲ. ಮುಂಗಡವಾಗಿ ಬರೆದಿಟ್ಟು ಹೋದ ರಜೆಗೆ ಎಷ್ಟು ದಿನದಿಂದ ಕಡಿತ ಎಂಬುದನ್ನು ಸೇರುವ ದಿನವೇ ಕೇಳಿಕೊಳ್ಳಬೇಕು.

ಅರ್ಜಿಯಲ್ಲಿ ‘ಹಾಸ್ಟೆಲರ್’ ಅಥವಾ ‘ಡೇ ಸ್ಕಾಲರ್’ ಎಂಬ ಒಂದು ಗುರುತಿಗೂ ಬೆಲೆಯಿದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ಕೇಂದ್ರ ಯೋಜನೆಯಲ್ಲಿ (ಆದಾಯ ಮಿತಿ 2.5 ಲಕ್ಷ) ಬಿ.ಎ., ಬಿ.ಕಾಂ. ತರಹದ ಪದವಿಗೆ ವಾರ್ಷಿಕ ಭತ್ಯೆ ಹಾಸ್ಟೆಲ್‌ನಲ್ಲಿರುವವರಿಗೆ 6,000, ಹೊರಗಿನಿಂದ ಬರುವವರಿಗೆ 3,000. ಎಂಜಿನಿಯರಿಂಗ್‌ನಂಥ ಮೊದಲ ಗುಂಪಿನಲ್ಲಿ 13,500 ಮತ್ತು 7,000. ಹಾಸ್ಟೆಲ್ ಹಂಚಿಕೆ ತಡವಾದಾಗ ಅರ್ಜಿ ಹಾಕುವ ದಿನ ಖೋಲಿ ಇರುವುದಿಲ್ಲ, ವಿದ್ಯಾರ್ಥಿ ‘ಡೇ ಸ್ಕಾಲರ್’ ಎಂದು ಒತ್ತುತ್ತಾನೆ, ಹದಿನೈದು ದಿನಕ್ಕೆ ಖೋಲಿ ಸಿಗುತ್ತದೆ, ಭತ್ಯೆ ಅರ್ಧಕ್ಕೆ ನಿಂತಿರುತ್ತದೆ. ಇದು ವಿದ್ಯಾರ್ಥಿಯ ತಪ್ಪಲ್ಲ, ದಿನಾಂಕದ ತಪ್ಪು.

ಇನ್ನು ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು. ಮೊದಲನೆಯದು ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಮಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಇರುತ್ತವೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಡುವಿನದು ಒಂದಕ್ಷರಕ್ಕೆ ಇಳಿದಿರುತ್ತದೆ, ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಅಡ್ಡಹೆಸರೇ ಇರುವುದಿಲ್ಲ. ಎಸ್‌ಎಸ್‌ಪಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಿಡಿದು ವಿವರ ಎಳೆದುಕೊಳ್ಳುವುದರಿಂದ ಅಲ್ಲಿನ ಹೆಸರು ಆಧಾರ್ ಜೊತೆ ಹೊಂದಬೇಕು. ಆದ್ದರಿಂದ ನಾಡಕಚೇರಿಗೆ ಹೋಗುವ ಮುಂಚೆ ಆಧಾರ್ ಸರಿಪಡಿಸಿಕೊಳ್ಳುವುದು ಕ್ರಮ. ತಿರುಗುಮುರುಗಾದರೆ ಎರಡು ಸಲ ಪ್ರಮಾಣಪತ್ರ ತೆಗೆಸಬೇಕು. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿ ತೆಗೆಸಿದ್ದು ಪದವಿಯ ಮಧ್ಯದಲ್ಲಿ ಮುಗಿದಿರುತ್ತದೆ.

ಎರಡನೆಯದು ಹೊಲದ ಉತಾರ, ಅಂದರೆ ಪಹಣಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500, ಸ್ನಾತಕೋತ್ತರ, ಎಂಜಿನಿಯರಿಂಗ್ ಮತ್ತು ಎಂ.ಬಿ.ಬಿ.ಎಸ್.ಗೆ 10,000 ಮತ್ತು 11,000 ಎಂದು ಗೊತ್ತುಮಾಡಿತು. ಇದಕ್ಕೆ ತಂದೆ ಅಥವಾ ತಾಯಿಯ ‘ಫ್ರೂಟ್ಸ್’ ಸಂಖ್ಯೆ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು. ಹೊಲ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ನಾಲ್ಕು ಮಂದಿ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ. ವಾರಸಾ ಹಚ್ಚಿ (ವಾರಸುದಾರರ ಹೆಸರು ದಾಖಲಿಸಿ) ಖಾತೆ ಬದಲಾಯಿಸುವವರೆಗೆ ಆ ಮನೆಯ ಮಗು ಕಾಗದದ ಮೇಲೆ ರೈತರ ಮಗುವಲ್ಲ. ನೋಟಿಸ್ ಅವಧಿ, ಆಕ್ಷೇಪ ಎಂದು ಹೊತ್ತು ಹಿಡಿಯುವ ಕೆಲಸ ಇದು, ಪಿಯುಸಿ ಮೊದಲ ವರ್ಷದಲ್ಲೇ ಆರಂಭಿಸಿದರೆ ಪದವಿಗೆ ಒದಗುತ್ತದೆ.

ಮೂರನೆಯದು ಬ್ಯಾಂಕು. ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟರೆ ಕೆವೈಸಿ ಆಯಿತು, ಅಷ್ಟೇ. ಸರ್ಕಾರದ ಹಣ ಇಂಥ ಬ್ಯಾಂಕಿಗೇ ಬರಲಿ ಎಂದು ಒಪ್ಪಿಗೆ ಪತ್ರ ಕೊಟ್ಟು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಗೆ ಸೇರಿಸುವುದು ಬೇರೆ ಕೆಲಸ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು, ಕೊನೆಗೆ ಸೇರಿಸಿದ್ದು. ಮೊಬೈಲ್ ಅಂಗಡಿಯಲ್ಲಿ ಸಿಮ್ ಜೊತೆ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ, ವಿದ್ಯಾರ್ಥಿ ಪಾಸ್‌ಬುಕ್ಕಿನಲ್ಲಿ ಹುಡುಕುವುದು ಹೀಗೆ. ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು, ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ತಿಳಿಯುತ್ತವೆ. ಹಣ ಯಾವ ದಿನ ಹೋಗಿದೆ ಎಂಬುದನ್ನು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ. ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆಯನ್ನು ಹದಿನೆಂಟು ತುಂಬಿದ ಮೇಲೆ ಬದಲಾಯಿಸದಿದ್ದರೆ, ಅಥವಾ ಎರಡು ವರ್ಷ ವ್ಯವಹಾರವೇ ಇಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಅಲ್ಲೂ ಹಣಕ್ಕೆ ತಡೆ. ಜುಲೈನಲ್ಲೇ ನೂರು ರೂಪಾಯಿ ಕಟ್ಟಿ, ತೆಗೆದು ಖಾತೆ ಜೀವಂತವಿದೆಯೇ ನೋಡಿಕೊಳ್ಳಿ.

ಕಾಲೇಜಿನ ಕಡೆಯದು ಎರಡು ಮಾತು. ವಿದ್ಯಾರ್ಥಿಗಳ ದಾಖಲೆಗಳನ್ನು ಆನ್‌ಲೈನಿನಲ್ಲಿ ದೃಢೀಕರಿಸುವ (ಇ-ದೃಢೀಕರಣ) ಅಧಿಕಾರಿ ಪರೀಕ್ಷಾ ಕೆಲಸಕ್ಕೋ ಚುನಾವಣೆಗೋ ಹೋದರೆ ಬದಲಿಗೆ ಇನ್ನೊಬ್ಬರಿಗೆ ಲಾಗಿನ್ ಇರಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಕಾಲೇಜಿನ ಹಂತದ ಪರಿಶೀಲನೆ ಆಗದ ಅರ್ಜಿ ಮುಂದಿನ ಹಂತಕ್ಕೆ ಹೋಗುವುದೇ ಇಲ್ಲ, ಮೇಲಿನ ಅಧಿಕಾರಿಗೆ ಅದು ಕಾಣುವುದೂ ಇಲ್ಲ.

ಈಗ ನಮ್ಮ ಬೇಡಿಕೆ. ವಿಶ್ವವಿದ್ಯಾಲಯಕ್ಕೆ ಜಾತಿ, ಆದಾಯ, ಅಂಕ ಮೂರೂ ರಾಜ್ಯದ ವಿಶ್ವವಿದ್ಯಾಲಯಗಳ ಪೋರ್ಟಲ್ ಆದ ಯುಯುಸಿಎಂಎಸ್‌ನ ಪ್ರವೇಶ ಅರ್ಜಿಯಿಂದಲೇ ಗೊತ್ತಿರುತ್ತವೆ. ಆಯ್ಕೆ ಪಟ್ಟಿ ಹಾಕುವ ದಿನವೇ ಖೋಲಿ ಹಂಚಿಕೆಯ ಪಟ್ಟಿಯನ್ನೂ ಹಾಕಲಿ. ಪ್ರವೇಶ ಪತ್ರದ ಜೊತೆಗೇ ಹಾಸ್ಟೆಲ್ ದೃಢೀಕರಣ ಪತ್ರವನ್ನೂ ಕೊಡಲಿ. ಬೇರೆ ಕೋರ್ಸಿಗೆ ಹೋದವರ ಜಾಗ ಖಾಲಿಯಾಗುತ್ತಲೇ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಖಾಲಿ ಮಂಚಗಳ ಸಂಖ್ಯೆಯನ್ನು ಫಲಕದಲ್ಲಿ, ಜಾಲತಾಣದಲ್ಲಿ ಬರೆಯಲಿ.

ಹಾಸ್ಟೆಲ್ ಶುಲ್ಕವನ್ನು ಮೂರು ಕಂತು ಮಾಡಲಿ: ಸೇರುವಾಗ ಒಂದು ತಿಂಗಳ ಮೆಸ್ ಮುಂಗಡ ಮಾತ್ರ, ಜನವರಿಯಲ್ಲಿ ಎರಡನೆಯದು, ವಿದ್ಯಾರ್ಥಿವೇತನ ಜಮೆಯಾದ ಹದಿನೈದು ದಿನದಲ್ಲಿ ಉಳಿದದ್ದು. ಹಣ ನೇರ ವಿದ್ಯಾರ್ಥಿಯ ಖಾತೆಗೆ ಹೋಗುವಾಗ ವಸೂಲಿ ಹೇಗೆ ಎಂದು ಆಡಳಿತ ಕೇಳುವುದು ನ್ಯಾಯವೇ. ಅದಕ್ಕೆ ಪಾಲಕರ ಮುಚ್ಚಳಿಕೆ ತೆಗೆದುಕೊಳ್ಳಲಿ, ಕೊನೆಯಲ್ಲಿ ನೋ ಡ್ಯೂ ಪತ್ರ ತಡೆಹಿಡಿಯಲಿ. ಹಾಲ್ ಟಿಕೆಟ್ ತಡೆಯುವುದು ಬೇಡ. ಪರೀಕ್ಷೆ ತಪ್ಪಿದರೆ ‘ಮೊದಲ ಯತ್ನ’ ಹೋಗುತ್ತದೆ, ಅದರೊಂದಿಗೆ ಪ್ರೋತ್ಸಾಹಧನವೂ ಹೋಗುತ್ತದೆ, ಆಮೇಲೆ ಬಾಕಿ ತೀರಿಸಲು ಆ ಮನೆಗೆ ಏನೂ ಉಳಿಯುವುದಿಲ್ಲ. ಅಂಕಪಟ್ಟಿಯಲ್ಲಿ ಸಿಜಿಪಿಎ ಜೊತೆಗೆ ಶೇಕಡಾವಾರು ಅಂಕವನ್ನೂ ಮುದ್ರಿಸಲಿ. ಪ್ರಥಮ ದರ್ಜೆಯ ಶೇ 60ರ ಅಂಚಿನಲ್ಲಿರುವವರನ್ನು ಪರಿವರ್ತನೆಯ ಸೂತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಸಬಾರದು.

ದಾನಿಗಳಲ್ಲಿಯೂ ಒಂದು ವಿನಂತಿ. ಹಿರಿಯರ ನೆನಪಿಗೆ ಚಿನ್ನದ ಪದಕಕ್ಕೆ ದತ್ತಿ ಇಡುವವರು ಒಂದು ಖೋಲಿಗೆ ಇಡುವುದನ್ನೂ ಯೋಚಿಸಲಿ. ಐದು ಲಕ್ಷಕ್ಕೆ ಶೇ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 30,000, ಅಂದರೆ ವಿದ್ಯಾಸಿರಿಯ 15,000ದ ದರದಲ್ಲಿ ಇಬ್ಬರ ಒಂದು ವರ್ಷ. ಪದಕ ಘಟಿಕೋತ್ಸವದಲ್ಲಿ, ಓದು ಮುಗಿದ ಮೇಲೆ ಸಿಗುತ್ತದೆ. ಖೋಲಿ ಓದುವಾಗಲೇ ಸಿಗುತ್ತದೆ.

ವಿಜಯಪುರದ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೂ ಇದೇ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ. 2003ರಿಂದ ಉತ್ತರ ಕರ್ನಾಟಕದ ಅನೇಕ ಜಿಲ್ಲೆಗಳ ಹೆಣ್ಣುಮಕ್ಕಳನ್ನು ಕರೆಸಿಕೊಂಡಿರುವ ಕ್ಯಾಂಪಸ್ ಅದು. ಮಗಳಿಗೆ ಕ್ಯಾಂಪಸ್ಸಿನೊಳಗೆ ಮಂಚ ಸಿಗುತ್ತದೆ ಎಂದು ಮೊದಲ ದಿನವೇ ಖಾತ್ರಿಯಾಗದಿದ್ದರೆ ಬಾಡಿಗೆ ಖೋಲಿಗೆ ಕಳಿಸಲು ಒಪ್ಪುವ ಮನೆಗಳು ಕಡಿಮೆ, ಅವರು ಅರ್ಜಿಯನ್ನೇ ಹಿಂದಕ್ಕೆ ಪಡೆಯುತ್ತಾರೆ.

ಇಲಾಖೆಗಳು ಎಸ್‌ಎಸ್‌ಪಿಯ ಕೊನೆಯ ದಿನಾಂಕವನ್ನು ವಿಶ್ವವಿದ್ಯಾಲಯದ ಕೊನೆಯ ಸುತ್ತಿನ ಪ್ರವೇಶ ಮುಗಿದ ಮೂವತ್ತು ದಿನದ ನಂತರಕ್ಕೆ ನಿಗದಿಪಡಿಸಲಿ, ಮತ್ತು ಅದನ್ನು ಪ್ರವೇಶ ಪ್ರಕಟಣೆಯಲ್ಲೇ ಅಚ್ಚು ಹಾಕಲಿ. ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರಿಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಬರುವುದಕ್ಕೇ ಕೆಲವು ವಾರ ಬೇಕು, ಆ ಸಂಖ್ಯೆಯಿಲ್ಲದೆ ಅರ್ಜಿ ಮುಂದೆ ಸಾಗುವುದಿಲ್ಲ.

ಇಂತಿ,
ವಿದ್ಯಾರ್ಥಿವೇತನ ಅರ್ಜಿಗಳ ಕೆಲಸ ನೋಡುವ ಕೆಲವು ಕಾಲೇಜು ಸಿಬ್ಬಂದಿ,
ಬೆಳಗಾವಿ