ವೈ-ಫೈ ಜೋಡಿಸುವವರು ಚಾನೆಲ್ ನೋಡಿ ಹೋಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೇಡಂ ರಸ್ತೆಯ ಆಸುಪಾಸಿನಲ್ಲಿ ವಿದ್ಯಾರ್ಥಿಗಳಿಗೆ ಕೊಠಡಿ ಬಾಡಿಗೆಗೆ ಕೊಡುವ ಮನೆಗಳ ಸಾಲಿನಲ್ಲಿ ನಮ್ಮ ಮನೆಯಿದೆ. ಸಂಜೆಯಾದರೆ ವೈ-ಫೈ ತೆವಳುತ್ತದೆ. ದೂರು ಕೊಟ್ಟಾಗಲೆಲ್ಲ ಸಿಗುವ ಉತ್ತರ, ‘ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ’ ಎಂಬುದೊಂದೇ. ಹಾಕಿಸಿಕೊಂಡೆವು, ಕೇಬಲನ್ನು ನೇರ ಕಂಪ್ಯೂಟರಿಗೆ ಜೋಡಿಸಿದರೆ ವೇಗ ಪೂರ್ತಿ ಬರುತ್ತದೆ, ವೈ-ಫೈನಲ್ಲಿ ಮಾತ್ರ ಬರುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಿದಾಗ ಪಡಸಾಲೆಯಲ್ಲಿ ನಿಂತಲ್ಲೇ 19 ರೌಟರ್‌ಗಳ ಸಂಕೇತ ಕಂಡಿತು.

ವೈ-ಫೈ ಬಳಸುವ ರೇಡಿಯೊ ತರಂಗಗಳ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 13 ಚಾನೆಲ್‌ಗಳು, ಅಂದರೆ ಸಂಕೇತ ಸಾಗುವ ದಾರಿಗಳು, ಇದ್ದರೂ ಒಂದಕ್ಕೂ ಮತ್ತೊಂದಕ್ಕೂ ಇರುವ ಅಂತರ 5 ಮೆಗಾಹರ್ಟ್ಸ್. ರೌಟರ್‌ಗೆ ಬೇಕಾದ ಅಗಲ ಸಾಮಾನ್ಯವಾಗಿ 20 ಮೆಗಾಹರ್ಟ್ಸ್. ಹೀಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ರೂಢಿಯಲ್ಲಿರುವುದು 1, 6 ಮತ್ತು 11, ಈ ಮೂರೇ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಪರಸ್ಪರರ ಸಂಕೇತವನ್ನು ಆಲಿಸಿ, ಅದು ಮುಗಿಯುವವರೆಗೆ ಕಾದು, ಸರದಿಯಂತೆ ದತ್ತಾಂಶ ಕಳಿಸುತ್ತವೆ. ಆದರೆ ಖಾಲಿಯಿದೆಯೆಂದು ಯಾರೋ ಜಾಣತನದಿಂದ 3 ಅಥವಾ 8ನ್ನು ಆರಿಸಿಕೊಂಡರೆ, ಆ ರೌಟರ್ ಎರಡೂ ಬದಿಯವರಿಗೆ ಬರೀ ಗದ್ದಲವಾಗುತ್ತದೆ, ತನಗೂ ಸುಖವಿಲ್ಲ. ರೌಟರ್ ತಾನೇ ಚಾನೆಲ್ ಆರಿಸಿಕೊಳ್ಳುವ ‘ಆಟೊ’ ಇಟ್ಟರೆ ಸಾಕೆನ್ನುವವರಿದ್ದಾರೆ. ಆದರೆ ಹಲವು ರೌಟರ್‌ಗಳು ಚಾಲೂ ಆಗುವಾಗ ಮಾತ್ರ ಚಾನೆಲ್ ಹುಡುಕುತ್ತವೆ, ಕರೆಂಟ್ ಹೋಗಿ ಬಂದಾಗ ಓಣಿಯ ರೌಟರ್‌ಗಳೆಲ್ಲ ಒಟ್ಟಿಗೇ ಹುಡುಕಲು ಹೊರಟು ಒಂದೇ ಚಾನೆಲ್‌ಗೆ ಬೀಳಬಹುದು.

ಸರದಿ ಸಮನಾಗಿ ಸಿಕ್ಕ ಮಾತ್ರಕ್ಕೆ ಹಂಚಿಕೆ ನ್ಯಾಯವಾಯಿತೆಂದೂ ಅಲ್ಲ. ದೂರದ ಕೋಣೆಯ ಹಳೆಯ ಫೋನು ಅಷ್ಟೇ ದತ್ತಾಂಶಕ್ಕೆ ಹತ್ತು ಪಟ್ಟು ಹೊತ್ತು ಹಿಡಿದರೆ, ರೌಟರ್ ಪಕ್ಕದಲ್ಲೇ ಇರುವ ಹೊಸ ಲ್ಯಾಪ್‌ಟಾಪ್ ಕೂಡ ಹೆಚ್ಚುಕಡಿಮೆ ಅದೇ ವೇಗಕ್ಕೆ ಇಳಿಯುತ್ತದೆ. ಸರದಿಯ ಬದಲು ಸಮಯವನ್ನೇ ಸಮನಾಗಿ ಹಂಚುವ ವ್ಯವಸ್ಥೆ ಕೆಲವು ರೌಟರ್‌ಗಳಲ್ಲಿದ್ದರೂ ಅದನ್ನು ಯಾರೂ ತೋರಿಸಿಕೊಡುವುದಿಲ್ಲ.

ಕೇಂದ್ರ ಸರ್ಕಾರವು 2018ರಲ್ಲಿ ವೈ-ಫೈ ಬಳಸುವ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್ ಬ್ಯಾಂಡಿನ 605 ಮೆಗಾಹರ್ಟ್ಸ್‌ನಷ್ಟು ತರಂಗಾಂತರವನ್ನು ಪರವಾನಗಿಯಿಂದ ಮುಕ್ತಗೊಳಿಸಿದೆ. ಅಲ್ಲಿ ಜಾಗ ಧಾರಾಳ. ಈ ಸಂಕೇತ ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟಲು ತಿಣುಕುತ್ತದೆ, ನಿಜ. ಅದೇ ಕಾರಣಕ್ಕೆ ನೆರೆಮನೆಗೆ ಅದರ ಕಾಟವೂ ಕಡಿಮೆ.

ಆದ್ದರಿಂದ ನಗರದ ಬ್ರಾಡ್‌ಬ್ಯಾಂಡ್ ಸೇವೆಯವರು ಸಂಪರ್ಕ ಕೊಡುವ ದಿನವೇ ಸುತ್ತಲಿನ ಚಾನೆಲ್‌ಗಳನ್ನು ಪರಿಶೀಲಿಸಿ, 1, 6, 11ರಲ್ಲಿ ಒತ್ತಡ ಕಡಿಮೆಯಿರುವುದನ್ನು ಹೊಂದಿಸಿ, 5 ಗಿಗಾಹರ್ಟ್ಸ್ ಇರುವ ರೌಟರ್‌ನಲ್ಲಿ ಅದನ್ನೂ ಚಾಲೂ ಮಾಡಿಕೊಡಬೇಕು. ನಮ್ಮ ಸಾಲಿನ ನಾಲ್ಕು ಮನೆಯವರು ಮಾತಾಡಿಕೊಂಡು ಚಾನೆಲ್ ಹಂಚಿಕೊಂಡಿದ್ದೇವೆ. ಉಳಿದವರೂ ಒಪ್ಪಿದ್ದಾರೆ, ಆದರೆ ಅವರ ರೌಟರ್‌ಗಳ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಜೋಡಿಸಿ ಹೋದವರ ಬಳಿಯೇ ಉಳಿದಿದೆ.

– ಓದುಗರೊಬ್ಬರು, ಕಲಬುರಗಿ